ಖಾರ ತಿಂದ ಫ್ಯಾನು

ಮಷೀನ್ ಮುದುಕ ಆಗೇತಿ, ಹೊಸಾದು ನೋಡವಾ ಅಂತ
ಅಡತಿ ಅಂಗಡಿ ಗುರುಶಾಂತಪ್ಪ ಹಾಲಭಾವಿ ಫೋನ್ ಹಚ್ಚಿದಾಗ
ನಾ ಹಾವೇರಿ ಬಸ್ ಸ್ಟ್ಯಾಂಡಿನ್ಯಾಗ ಮಂಡಕ್ಕಿ ತಿನ್ನಾಕತ್ತಿದ್ದೆ.
ಮುದುಕ ಅಂತ ಮಂದಿ ಭಾಳ ಲಗೂನ ಅಂತಾರ.
ನಾಡಿ ಹಿಡದು ನೋಡವ್ರು ಕಡಿಮಿ.

ಬ್ಯಾಡಗಿ ಬಂತು ಅನ್ನೂದು ಕಣ್ಣಿಗಿಂತ ಮೊದಲ ಮೂಗಿಗೆ ತಿಳೀತೈತಿ.
ಗುರುವಾರ, ಟೆಂಡರ್ ದಿನ. ಪ್ಯಾಟಿ ತುಂಬ ಕೆಂಪು ರಾಶಿ.
ಕ್ಯಾಬಿನೆಟ್ಟಿನ ನಾಕೂ ಸ್ಕ್ರೂ ಬಿಚ್ಚಿದೆ:
ಫ್ಯಾನಿನ ರೆಕ್ಕಿ ಮ್ಯಾಲ ಕೆಂಪು ಮಖಮಲ್ಲು,
ಪ್ರೊಸೆಸರಿನ ಹಣಿಗೆ ಯಾರೋ ದಿನಾ ಕುಂಕುಮ ಇಟ್ಟಂಗ.
ಬ್ರಶ್ ತಗೊಂಡು ಝಾಡಿಸಿದೆ. ಹನ್ನೊಂದು ಸಲ ಸೀನಿದೆ.
ತೊಂಬತ್ತಾರು ಡಿಗ್ರಿ ಇದ್ದದ್ದು ಅರವತ್ತೆರಡಕ್ಕ ಇಳೀತು.
ಕಾದ ಚಿಪ್ಪು ತನ್ನ ವೇಗ ತಾನ ಕಡಿಮಿ ಮಾಡ್ಕೋತೈತಿ ಸಾವ್ಕಾರ್ರ,
ಕೆಟ್ಟದ್ದಲ್ಲ ಅದು,
ಬ್ಯಾಸಗಿ ಮಧ್ಯಾಹ್ನ ಹಮಾಲರು ಬೇವಿನ ನೆಳ್ಳಿಗೆ ಕುಂತಂಗ.

ಆಮ್ಯಾಲ ಯಾರೂ ಕೇಳದ ಒಂದಿಷ್ಟು ಅಭಿಪ್ರಾಯ ಹೇಳಿದೆ.
ಎಂಟು ಕೋರ್ ಇರಲಿ, ನಿಮ್ಮ ಬಿಲ್ಲು ಓಡೂದು ಒಂದರ ಮ್ಯಾಲ,
ಉಳಿದ ಏಳು ಮದವಿಗೆ ಬಂದ ಬೀಗರು.
ಗಿಗಾಹರ್ಟ್ಸ್ ನೋಡಿ ಮರುಳಾಗಬ್ಯಾಡ್ರಿ,
ಬಣ್ಣ ಬ್ಯಾರೆ, ಖಾರ ಬ್ಯಾರೆ,
ಬ್ಯಾಡಗಿಯವರಿಗೆ ಇದನ್ನ ನಾ ಹೇಳಬೇಕೇನು?
ರ್‍ಯಾಮ್ ಅಂದ್ರ ಅಂಗಡಿ ಕಟ್ಟಿ,
ಡಿಸ್ಕ್ ಅಂದ್ರ ಊರ ಹೊರಗಿನ ಕೋಲ್ಡ್ ಸ್ಟೋರೇಜು;
ಕೈಗೆ ಸಿಗೂ ಚೀಲಕ್ಕ ಟಂಟಂ ಯಾಕ ಬಾಡಿಗಿ ಹಿಡೀತೀರಿ?
ಇನ್ನ ಆ್ಯಂಟಿವೈರಸ್. ಮೂರು ಹಾಕ್ಯಾರ.
ಮೂರೂ ಒಂದನ್ನೊಂದು ಕಳ್ಳ ಅಂತ ಹಿಡಕೊಂಡು ಕುಂತಾವ.

ಸಾವ್ಕಾರ್ರು ಎಲ್ಲಾ ಕೇಳಿ,
ಚಾ ತರಿಸಲೇನವಾ ಅಂದ್ರು.

ಮೂರಕ್ಕ ಟೆಂಡರ್ ಮುಗೀತು. ಬಿಲ್ ಒತ್ತಿದೆ.
ಫ್ಯಾನು ತಣ್ಣಗ ತಿರಗತಿತ್ತು, ಬಿಲ್ಲು ಬರವಲ್ದು.
ಒಂಬತ್ತು ನಿಮಿಷ.
ಮಷೀನಿನ ಮ್ಯಾಲ ಹಾಕಾಕ ಇನ್ನ ತಪ್ಪು ಉಳಿದಿರಲಿಲ್ಲ.
ಏಳು ವರ್ಷದ ಹಿಂದ ಆ ಪ್ರೋಗ್ರಾಮ್ ಬರದಾಕಿ ನಾನ.

ಬಾಗಲದಾಗ ಚೀಟಿಗೆ ಕಾಯ್ಕೋತ ಕುಂತಿದ್ದ ಮಕ್ತುಂಸಾಬ ಕೇಳಿದ,
ಇಷ್ಟೊತ್ತು ಒಳಗ ಏನ ಮಾಡತೈತಿ ತಂಗಿ ಇದು?
ಒಂದೊಂದು ಲಾಟಿಗೂ ಒಂದೊಂದು ಸಲ
ವಖಾರಿಗೆ ಹೋಗತೈತಿ, ಕೀಲಿ ತಗೀತೈತಿ,
ದರ ನೋಡಿ, ಕೀಲಿ ಹಾಕಿ, ತಿರುಗಿ ಬರತೈತಿ ಕಾಕಾ.
ಅಂವಾ ನಗಲಿಲ್ಲ. ಹೆಗಲ ಮ್ಯಾಲಿನ ವಸ್ತ್ರ ಸರಿ ಮಾಡ್ಕೊಂಡ.
ಒಂದೊಂದ ಕಾಯಿ ಹೊತ್ತು ಲಾರಿಗೆ ಒಗದ್ರ
ನನಗ ಹಮಾಲಿ ಯಾರು ಕೊಡತಾರ?

ಹದಿನಾಕು ಸಾಲು ಅಳಿಸಿದೆ. ಮೂರು ಬರದೆ.
ಕೀಲಿ ಒಂದ ಸಲ, ದರ ಎಲ್ಲಾ ಒಂದ ಚೀಲದಾಗ.
ನಾಕು ಸೆಕೆಂಡ್.
ಸಾವ್ಕಾರ್ರು ಪ್ರಿಂಟರ್ ನೋಡಿದ್ರು, ನನ್ನ ನೋಡಿದ್ರು,
ಇಷ್ಟು ಲಗೂ ಕೂಡಿಸಿದ್ದು ಖರೇ ಇರತೈತೇನು ಅಂತ
ಕೆಂಪು ರಟ್ಟಿನ ಖಿರ್ದಿ ತಗದು
ಬೆರಳ ಮ್ಯಾಲ ತಾಳೆ ಹಾಕ್ಕೋತ ಕುಂತ್ರು,
ಅರ್ಧಾ ತಾಸು.
ಖರೇ ಇತ್ತು.
ಅಳಿಸಿದ್ದಕ್ಕೂ ರೊಕ್ಕ ಕೇಳತೀಯೇನು ಅಂದ್ರು.
ಬರದದ್ದಕ್ಕಿಂತ ಜಾಸ್ತಿ ಕೇಳತೇನ್ರಿ ಅಂದೆ.

ಇಳಿಸಂಜಿ. ಚೀಟಿ ಮ್ಯಾಲ ಚೀಟಿ ಬರಾಕತ್ತಿದ್ದವು.
ಮಕ್ತುಂಸಾಬ ಬರತಿದ್ದ, ಹೋಗತಿದ್ದ, ಬರತಿದ್ದ.
ಐದನೇ ಸಲಕ್ಕ ಬಾಗಲಾ ಹಿಡದು ನಿಂತ,
ಮೈಯಾಗಿನ ನೀರು ಹೊಸ್ತಿಲಕ್ಕ ತೊಟ್ಟಿಕ್ಕತಿತ್ತು.
ಚಲೋ ಮಾಡಿದಿ ತಂಗಿ, ಅಂದ.
ಆದ್ರ ಆ ಒಂಬತ್ತು ನಿಮಿಷ
ನಾ ಇಲ್ಲಿ ಕುಂದರತಿದ್ದೆ.

ಏನೂ ಮಾಡಬ್ಯಾಡ, ಸ್ವಲ್ಪ ಮಲಗು ಅಂತ
ಮಷೀನಿಗೆ ಹೇಳೂ ಸಾಲು ಒಂದೈತಿ.
ಬರಿಯಾಕ ಎರಡು ಸೆಕೆಂಡ್ ಸಾಕು.
ಕೀಬೋರ್ಡ್ ಮ್ಯಾಲ ಬೆರಳಿಟ್ಟೆ,
ಉಗುರಿನ್ಯಾಗ ಇನ್ನೂ ಖಾರ ಇತ್ತು.
ಅಷ್ಟರಾಗ ಸಾವ್ಕಾರ್ರು, ಮುಂದಿನ ಬಿಲ್ ಒತ್ತವಾ ಅಂದ್ರು.
ಒತ್ತಿದೆ.